ಮೊದಲು ಕವರ್ ಎತ್ತಿಡಿ: ಕೊಳ್ಳುವಾಗಿನಿಂದ ದೂರು ಕೊಡುವವರೆಗೆ

ಎರಡು ವರ್ಷದ ಹಿಂದಿನ ಮಾತು. ಸಂಜೆ ಕಾಫಿಗೆಂದು ರಸ್ಕ್ ಪಾಕೆಟ್ ಒಡೆದೆ. ಮೇಲಿನ ನಾಲ್ಕು ಚೆನ್ನಾಗಿದ್ದವು. ಐದನೆಯದರ ಬೆನ್ನಿಗೆ ಹಸಿರು ಬೂಷ್ಟು. ಅತ್ತೆ "ಥೂ, ಎಸೀರಿ ಆಚೆಗೆ" ಅಂದರು. ಪಾಕೆಟ್ ಸಮೇತ ಕಸದ ಬುಟ್ಟಿಗೆ ಹಾಕಿದೆ. ಬೆಳಗ್ಗೆ ಕಸದ ಗಾಡಿ ಬಂತು, ಹೋಯಿತು. ಮಧ್ಯಾಹ್ನದ ಹೊತ್ತಿಗೆ ನನಗೆ ಸಿಟ್ಟು ಏರಿತು. ಮಗಳು ಅದೇ ಪಾಕೆಟ್ಟಿನ ಎರಡು ರಸ್ಕ್ ತಿಂದಿದ್ದಳು.

ದೂರು ಕೊಡೋಣ ಅಂತ ಫೋನ್ ಮಾಡಿದೆ. ಆ ಕಡೆಯವರು ಕೇಳಿದ್ದು ಮೂರೇ ಪ್ರಶ್ನೆ. ಬ್ಯಾಚ್ ನಂಬರ್, ಅಂದರೆ ಒಟ್ಟಿಗೆ ತಯಾರಾದ ಪಾಕೆಟ್‌ಗಳಿಗೆಲ್ಲ ಹಾಕುವ ನಂಬರ್, ಏನು? ಬಿಲ್ ಇದೆಯಾ? ಉಳಿದ ರಸ್ಕ್ ಇಟ್ಟಿದ್ದೀರಾ? ಮೂರಕ್ಕೂ ಇಲ್ಲ ಅಂದೆ. "ಹಾಗಾದ್ರೆ ನಾವೇನು ಹಿಡ್ಕೊಂಡು ಹೋಗೋದು ಸಾರ್?" ಅಂದರು. ಬೇಜಾರಾಯಿತು. ಆದರೆ ಅವರ ಮಾತಲ್ಲಿ ತಪ್ಪೇನೂ ಇರಲಿಲ್ಲ.

ನಮ್ಮಲ್ಲಿ ಕಾನೂನಿಗೆ ಕೊರತೆ ಇಲ್ಲ. 1954ರ ಕಲಬೆರಕೆ ತಡೆ ಕಾಯ್ದೆಯ ಜಾಗಕ್ಕೆ 2006ರಲ್ಲಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಬಂತು. ಅದರ ನಿಯಮಗಳು 2011ರ ಆಗಸ್ಟ್ 5ರಿಂದ ಜಾರಿಯಲ್ಲಿವೆ. ಹಾಲಿನಲ್ಲಿ ಕೊಬ್ಬು ಎಷ್ಟಿರಬೇಕು, ಕರಿದ ಎಣ್ಣೆಯನ್ನು ಯಾವಾಗ ಚೆಲ್ಲಬೇಕು, ಯಾವ ಬಣ್ಣವನ್ನು ಯಾವ ತಿಂಡಿಗೆ ಹಾಕಬಹುದು, ಎಲ್ಲಕ್ಕೂ ಲೆಕ್ಕ ಇದೆ. ಆದರೆ ಆ ಕಾನೂನು ನಮ್ಮ ಪರವಾಗಿ ಎದ್ದು ನಿಲ್ಲಬೇಕಾದರೆ ನಮ್ಮ ಕೈಯಲ್ಲಿ ಒಂದು ಹಿಡಿ ಸಾಕ್ಷಿ ಇರಬೇಕು. ಆ ಸಾಕ್ಷಿ ಶುರುವಾಗುವುದು ಅಂಗಡಿಯಲ್ಲೇ.

1. ಅಂಗಡಿಯಲ್ಲಿ: ಹದಿನಾಲ್ಕು ಅಂಕಿ ಓದಿ

ಯಾವುದೇ ಪಾಕೆಟ್ ತಿರುಗಿಸಿ. ಎಫ್‌ಎಸ್‌ಎಸ್‌ಎಐ ಎಂಬ ಗುರುತಿನ ಕೆಳಗೆ 14 ಅಂಕಿಯ ನಂಬರ್ ಇರುತ್ತದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ಚುಟುಕು ಹೆಸರು ಅದು. ನಂಬರ್ ಇದೆ ಅಂದಮಾತ್ರಕ್ಕೆ ತಿಂಡಿ ಒಳ್ಳೇದು ಅಂತೇನೂ ಅಲ್ಲ. ಮಾಡಿದವರು ಯಾರು, ಎಲ್ಲಿಯವರು ಎಂದು ಹಿಡಿಯಲು ಅದು ದಾರಿ, ಅಷ್ಟೇ.

ನಂಬರನ್ನು ಸುಲಭವಾಗಿ ಬಿಡಿಸಬಹುದು. ಮೊದಲ ಅಂಕಿ 1 ಇದ್ದರೆ ಲೈಸೆನ್ಸ್ ಪಡೆದ ಉದ್ದಿಮೆ. 2 ಇದ್ದರೆ ಬರೀ ನೋಂದಣಿ, ಅಂದರೆ ಚಿಕ್ಕ ವ್ಯಾಪಾರ. ಮನೆಯಲ್ಲಿ ಚಕ್ಕುಲಿ ಮಾಡಿ ಮಾರುವವರು, ತಳ್ಳುಗಾಡಿಯವರು ಇದರಲ್ಲಿ ಬರುತ್ತಾರೆ. ಮುಂದಿನ ಎರಡು ಅಂಕಿ ರಾಜ್ಯದ್ದು. ಕರ್ನಾಟಕಕ್ಕೆ 12. ಅಲ್ಲಿ 00 ಇದ್ದರೆ ಲೈಸೆನ್ಸ್ ಕೊಟ್ಟಿದ್ದು ಕೇಂದ್ರ. ಅದರ ಮುಂದಿನ ಎರಡು ಅಂಕಿ ವರ್ಷ. 11218 ಎಂದು ಶುರುವಾದರೆ ಕರ್ನಾಟಕದಲ್ಲಿ 2018ರಲ್ಲಿ ಕೊಟ್ಟ ಲೈಸೆನ್ಸ್ ಅಂತ ಅರ್ಥ.

ಅನುಮಾನ ಬಂದರೆ ಪ್ರಾಧಿಕಾರದ ಫಾಸ್ಕಾಸ್ ಜಾಲತಾಣಕ್ಕೆ ಹೋಗಿ ಆ ನಂಬರ್ ಹಾಕಿ. ಹೆಸರು, ವಿಳಾಸ, ಲೈಸೆನ್ಸ್ ಚಾಲ್ತಿಯಲ್ಲಿದೆಯೋ ಇಲ್ಲವೋ ಎಲ್ಲ ಗೊತ್ತಾಗುತ್ತದೆ. ಒಮ್ಮೆ ಜಾತ್ರೆಯಲ್ಲಿ ಕೊಂಡ ಖಾರಾ ಪಾಕೆಟ್ ಮೇಲೆ 13 ಅಂಕಿ ಮಾತ್ರ ಇತ್ತು. ಮುದ್ರಣದ ತಪ್ಪೋ, ಸುಮ್ನೆ ಹಾಕಿದ್ದೋ, ದೇವರೇ ಬಲ್ಲ. ತಿನ್ನಲಿಲ್ಲ.

ಹೋಟೆಲ್, ಬೇಕರಿಗಳಿಗೂ ಇದೇ ನಿಯಮ. ಲೈಸೆನ್ಸನ್ನು ಗಿರಾಕಿಗೆ ಕಾಣುವ ಹಾಗೆ ಗೋಡೆಗೆ ಹಾಕಬೇಕು. 2022ರ ಜನವರಿ 1ರಿಂದ ಬಿಲ್ಲಿನ ಮೇಲೂ ಆ ನಂಬರ್ ಇರಬೇಕು. ಬಿಲ್ ಕೇಳಿ. ಹತ್ತು ರೂಪಾಯಿ ಬನ್ನಿಗೂ ಕೇಳಿ. ಅಂಗಡಿಯವರು ಒಂಥರಾ ನೋಡುತ್ತಾರೆ, ನೋಡಲಿ. ಬಿಲ್ ಕೊಡದಿದ್ದರೆ ಯುಪಿಐನಲ್ಲಿ ದುಡ್ಡು ಕೊಡಿ. ದಿನ, ಹೊತ್ತು, ಅಂಗಡಿ ಹೆಸರು ಫೋನಿನಲ್ಲೇ ಉಳಿಯುತ್ತದೆ.

2. ಹಿಂಭಾಗ ಓದುವ ಅಭ್ಯಾಸ

ಪಾಕೆಟ್ಟಿನ ಮುಂಭಾಗ ಜಾಹೀರಾತು, ಹಿಂಭಾಗ ಕಾನೂನು. ನಾನು ಹೀಗೇ ನೆನಪಿಟ್ಟುಕೊಂಡಿದ್ದೇನೆ.

ಮುಂದೆ ರಾಗಿ ತೆನೆಯ ಚಿತ್ರ ಇರುವ ಬಿಸ್ಕತ್ತು ಕೈಗೆತ್ತಿಕೊಳ್ಳಿ. ಹಿಂದೆ ಏನೇನು ಹಾಕಿದ್ದಾರೆ ಎಂಬ ಪಟ್ಟಿ ಇರುತ್ತದೆ. ತೂಕದಲ್ಲಿ ಜಾಸ್ತಿ ಇರುವುದು ಮೊದಲು, ಕಡಿಮೆ ಇರುವುದು ಕೊನೆಗೆ ಬರಬೇಕು ಎಂಬುದು ನಿಯಮ. ಮೊದಲು ಮೈದಾ, ಆಮೇಲೆ ಸಕ್ಕರೆ, ಆಮೇಲೆ ತಾಳೆ ಎಣ್ಣೆ, ಅದಾದ ಮೇಲೆ ರಾಗಿ ಬಂದರೆ ಅದು ರಾಗಿ ಬಿಸ್ಕತ್ತೋ, ರಾಗಿ ಸೋಕಿಸಿದ ಮೈದಾ ಬಿಸ್ಕತ್ತೋ ನೀವೇ ಹೇಳಿ. ಹೆಸರಿನಲ್ಲಿ ಎದ್ದು ಕಾಣಿಸಿದ ಪದಾರ್ಥ ಶೇಕಡಾ ಎಷ್ಟಿದೆ ಎಂದೂ ಪಟ್ಟಿಯಲ್ಲಿ ಬರೆದಿರಬೇಕು. ಅದನ್ನು ಹುಡುಕಿ.

ಐಸ್‌ಕ್ರೀಂ ವಿಷಯವೂ ಇಷ್ಟೇ. ಹಾಲಿನ ಕೊಬ್ಬಿನದ್ದಾದರೆ ಮಾತ್ರ ಐಸ್‌ಕ್ರೀಂ. ಅಡುಗೆ ಎಣ್ಣೆಯ ಕೊಬ್ಬು ಹಾಕಿದ್ದರೆ ಅದರ ಮೇಲೆ ಫ್ರೋಜನ್ ಡೆಸರ್ಟ್ ಎಂದು ಬರೆಯಬೇಕು. ಸಣ್ಣ ಅಕ್ಷರದಲ್ಲಿ ಬರೆದೇ ಇರುತ್ತಾರೆ, ನಾವು ಓದುವುದಿಲ್ಲ. ಹಾಲು ತಗೊಳ್ಳಿ. ಟೋನ್ಡ್ ಹಾಲೆಂದರೆ ಕೊಬ್ಬು ಕನಿಷ್ಠ ಶೇ 3, ಉಳಿದ ಘನಾಂಶ ಶೇ 8.5. ಬೆಳಗಾದರೆ ಬಾಗಿಲಿಗೆ ಬರುವ ನಂದಿನಿ ನೀಲಿ ಪಾಕೆಟ್ ಈ ಜಾತಿಯದು. ಫುಲ್ ಕ್ರೀಂ ಎಂದರೆ ಶೇ 6 ಮತ್ತು 9. "ಹಾಲು ತೆಳ್ಳಗಿದೆ, ನೀರು ಹಾಕಿದ್ದಾರೆ" ಎಂದು ಬೈಯುವ ಮೊದಲು ಯಾವ ಹಾಲು ತಂದಿದ್ದೀರಿ ಎಂದು ನೋಡಿಕೊಳ್ಳಿ.

ದಿನಾಂಕದ ಬಗ್ಗೆ ಎರಡು ಮಾತು. ಬೆಸ್ಟ್ ಬಿಫೋರ್ ದಾಟಿದರೆ ರುಚಿ, ಗರಿಗರಿ ಕಡಿಮೆಯಾಗುತ್ತದೆ. ಕೂಡಲೇ ವಿಷವಾಗುವುದಿಲ್ಲ. ಯೂಸ್ ಬೈ ಅಥವಾ ಎಕ್ಸ್‌ಪೈರಿ ದಾಟಿದರೆ ಮಾರುವಂತೆಯೂ ಇಲ್ಲ, ತಿನ್ನುವಂತೆಯೂ ಇಲ್ಲ. ಬಿಡಿಯಾಗಿ ಮಾರುವ ಸಿಹಿತಿಂಡಿಗೂ, ಅಂದರೆ ಗಾಜಿನ ಕಪಾಟಿನ ಮೈಸೂರುಪಾಕಿಗೂ ಪೇಡೆಗೂ, 2020ರ ಅಕ್ಟೋಬರ್ 1ರಿಂದ ಬೆಸ್ಟ್ ಬಿಫೋರ್ ದಿನಾಂಕ ತಟ್ಟೆಯ ಮುಂದೆ ಇರಬೇಕು. ಎಷ್ಟು ಅಂಗಡಿಯಲ್ಲಿ ಕಂಡಿದ್ದೀರಿ? ನಾನಂತೂ ಬೆರಳಲ್ಲಿ ಎಣಿಸುವಷ್ಟು.

ಇನ್ನು ಗುರುತುಗಳು. ಹಸಿರು ಚೌಕದಲ್ಲಿ ಹಸಿರು ಚುಕ್ಕೆ ಸಸ್ಯಾಹಾರ, ಕಂದು ಚೌಕದಲ್ಲಿ ಕಂದು ತ್ರಿಕೋನ ಮಾಂಸಾಹಾರ. ಇದು ಬಹಳಷ್ಟು ಜನಕ್ಕೆ ಗೊತ್ತು. ಗೊತ್ತಿಲ್ಲದ್ದು ಇನ್ನೊಂದಿದೆ. ಕಪ್ಪು ಬಣ್ಣದ ಇಂಟು ಗುರುತು. ಅದು ಇದ್ದರೆ ತಿನ್ನಲು ಅಲ್ಲ ಅಂತ. ದೀಪದ ಎಣ್ಣೆ, ಪೂಜೆಯ ತುಪ್ಪದ ಮೇಲೆ ಇರುತ್ತದೆ. ಪೂಜಾ ಸಾಮಗ್ರಿ ಅಂಗಡಿಯಲ್ಲಿ ಅಡುಗೆ ತುಪ್ಪದ ಡಬ್ಬದ ಪಕ್ಕದಲ್ಲೇ ಇದನ್ನೂ ಜೋಡಿಸಿರುತ್ತಾರೆ. ಬೆಲೆ ಅರ್ಧಕ್ಕರ್ಧ. ಹಬ್ಬದ ಗಡಿಬಿಡಿಯಲ್ಲಿ ಒಂದು ಡಬ್ಬ ಹೋಳಿಗೆಗೆ ಹೋಯಿತೆಂದರೆ ಕೇಳೋರಿಲ್ಲ. ಆ ಗುರುತನ್ನು ಮನೆಯ ಮಕ್ಕಳಿಗೂ ತೋರಿಸಿಡಿ.

ಬಿಡಿ ಸಾಮಾನಿಗೆ ಲೇಬಲ್ಲೇ ಇಲ್ಲವಲ್ಲ ಅಂತೀರಾ? ಪುಡಿ ಮಾಡಿದ ಮಸಾಲೆಯನ್ನು ಬಿಡಿಯಾಗಿ ಮಾರುವಂತೆಯೇ ಇಲ್ಲ, ಪಾಕೆಟ್ ಮಾಡಿಯೇ ಮಾರಬೇಕು. ಸಂತೆಯಲ್ಲಿ ಗೋಪುರದ ಹಾಗೆ ಪೇರಿಸಿದ ಅರಿಶಿನ, ಖಾರದ ಪುಡಿ ನೋಡಲು ಚೆಂದ. ನೋಡಿ ಮುಂದೆ ಹೋಗಿ. ಬೇಕಿದ್ದರೆ ಇಡೀ ಮೆಣಸಿನಕಾಯಿ, ಅರಿಶಿನ ಕೊಂಬು ತಂದು ಮಿಲ್ಲಿಗೆ ಕೊಡಿ.

3. ಅಡುಗೆಮನೆಯಲ್ಲಿ: ನಾಲ್ಕು ಪರೀಕ್ಷೆ ಸಾಕು

ವಾಟ್ಸಾಪಿನಲ್ಲಿ ದಿನಕ್ಕೊಂದು ಕಲಬೆರಕೆ ವಿಡಿಯೊ ಬರುತ್ತದೆ. ಪ್ಲಾಸ್ಟಿಕ್ ಅಕ್ಕಿ, ಪ್ಲಾಸ್ಟಿಕ್ ಮೊಟ್ಟೆ. ಅದನ್ನೆಲ್ಲ ಬಿಡಿ. ಪ್ಲಾಸ್ಟಿಕ್ಕಿನಲ್ಲಿ ಅಕ್ಕಿ ಮಾಡಿದರೆ ಅಕ್ಕಿಗಿಂತ ಖರ್ಚು ಜಾಸ್ತಿ. ಲಾಭವಿಲ್ಲದೆ ಯಾರು ಕಲಬೆರಕೆ ಮಾಡುತ್ತಾರೆ? ಪ್ರಾಧಿಕಾರವೇ ಡಾರ್ಟ್ ಎಂಬ ಹೆಸರಿನಲ್ಲಿ ಮನೆ ಪರೀಕ್ಷೆಗಳ ಕಿರುಪುಸ್ತಕ ಹೊರತಂದಿದೆ. ಅದರಲ್ಲಿ ನಮ್ಮ ಅಡುಗೆಗೆ ಹೊಂದುವ ನಾಲ್ಕನ್ನು ಹೇಳುತ್ತೇನೆ.

ಮೊದಲು ರಾಗಿ. ಮಾಸಿದ ಹಳೇ ರಾಗಿಯನ್ನು ಕೆಂಪಗೆ ಕಾಣಿಸಲು ರೋಡಮಿನ್-ಬಿ ಬಣ್ಣ ಲೇಪಿಸುವುದುಂಟು. ಬಟ್ಟೆಗೆ ಹಾಕುವ ಬಣ್ಣ ಅದು. ಎರಡು ಹತ್ತಿ ಉಂಡೆ ತೆಗೆದುಕೊಳ್ಳಿ. ಒಂದನ್ನು ನೀರಿನಲ್ಲಿ, ಇನ್ನೊಂದನ್ನು ಅಡುಗೆ ಎಣ್ಣೆಯಲ್ಲಿ ಅದ್ದಿ. ಒಂದು ಹಿಡಿ ರಾಗಿಯನ್ನು ತಟ್ಟೆಗೆ ಹಾಕಿ ಹತ್ತಿಯಿಂದ ಮೆಲ್ಲಗೆ ಉಜ್ಜಿ. ಒಳ್ಳೇ ರಾಗಿಯಾದರೆ ಹತ್ತಿಗೆ ಸ್ವಲ್ಪ ಮಣ್ಣು, ಧೂಳು ಹತ್ತಬಹುದು. ಗುಲಾಬಿ, ಕೆಂಪು ಬಣ್ಣ ಬಿಟ್ಟರೆ ಆ ರಾಗಿ ಮುದ್ದೆಗೆ ಬೇಡ.

ಖಾರದ ಪುಡಿ. ಗಾಜಿನ ಲೋಟದಲ್ಲಿ ತಣ್ಣೀರು ತುಂಬಿ, ಅಲುಗಾಡದೆ ನಿಲ್ಲಲಿ. ಮೇಲಿನಿಂದ ಚಿಟಿಕೆ ಪುಡಿ ಉದುರಿಸಿ. ಕಲಕಬೇಡಿ. ನೀರಿನಲ್ಲಿ ಕರಗುವ ಬಣ್ಣ ಇದ್ದರೆ ಕೂಡಲೇ ಕೆಂಪು ಗೆರೆಗಳು ದಾರದ ಹಾಗೆ ಕೆಳಗಿಳಿಯುತ್ತವೆ. ಲೋಟದ ಹಿಂದೆ ಬಿಳಿ ಹಾಳೆ ಹಿಡಿದರೆ ಚೆನ್ನಾಗಿ ಕಾಣುತ್ತದೆ.

ಕೊಬ್ಬರಿ ಎಣ್ಣೆಯನ್ನು ಪಾರದರ್ಶಕ ಲೋಟದಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ, ಫ್ರೀಜರಿನಲ್ಲಲ್ಲ. ಅರ್ಧ ಗಂಟೆ, ಮುಕ್ಕಾಲು ಗಂಟೆಯಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದೆ. ಬೇರೆ ಎಣ್ಣೆ ಬೆರೆತಿದ್ದರೆ ಅದು ಬೇರೆ ಪದರವಾಗಿ ನಿಲ್ಲುತ್ತದೆ.

ನಾಲ್ಕನೆಯದು ಸಾಸಿವೆ. ಆರ್ಜಿಮೋನ್ ಎಂಬ ಮುಳ್ಳುಗಿಡದ ಬೀಜ ಥೇಟ್ ಸಾಸಿವೆಯ ಹಾಗೇ ಇರುತ್ತದೆ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಇದರ ಎಣ್ಣೆ ಬೆರೆತು ಕಾಲು ಊದುವ ಡ್ರಾಪ್ಸಿ ಕಾಯಿಲೆ ಹಬ್ಬಿತು, 60ಕ್ಕೂ ಹೆಚ್ಚು ಜನ ಸತ್ತರು. ಒಂದು ಚಮಚ ಸಾಸಿವೆ ಬಿಳಿ ತಟ್ಟೆಗೆ ಹರವಿ. ಸಾಸಿವೆ ನುಣುಪು, ಒಡೆದರೆ ಒಳಗೆ ಹಳದಿ. ಆರ್ಜಿಮೋನ್ ಒರಟು, ಒಡೆದರೆ ಒಳಗೆ ಬಿಳಿ.

ಜೇನುತುಪ್ಪವನ್ನು ನೀರಿಗೆ ಬಿಟ್ಟು ನೋಡುವುದು, ಬತ್ತಿ ಅದ್ದಿ ಹಚ್ಚುವುದನ್ನೆಲ್ಲ ನಾನು ನಂಬುವುದಿಲ್ಲ. ಈಗಿನ ಸಕ್ಕರೆ ಪಾಕಗಳು ಆ ಪರೀಕ್ಷೆಗಳಲ್ಲಿ ಸಲೀಸಾಗಿ ಪಾಸಾಗುತ್ತವೆ. ಬೇಳೆಗೆ ಆ್ಯಸಿಡ್ ಹಾಕಿ ನೋಡುವ ಪರೀಕ್ಷೆಯೂ ಇದೆ, ಮನೆಯಲ್ಲಿ ಬೇಡ. ಮತ್ತೊಂದು ಮಾತು ನೆನಪಿರಲಿ. ಮನೆ ಪರೀಕ್ಷೆ ಅನುಮಾನ ಹುಟ್ಟಿಸಲು ಸಾಕು, ಸಾಬೀತು ಮಾಡಲು ಸಾಲದು. ಲೋಟದಲ್ಲಿ ಕೆಂಪು ಗೆರೆ ಕಂಡಿತು ಎಂದು ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ. ಫೋಟೊ ತೆಗೆದು, ಪಾಕೆಟ್ ಎತ್ತಿಟ್ಟು, ಮುಂದಿನ ಹೆಜ್ಜೆಗೆ ಬನ್ನಿ.

4. ಬೀದಿಯಲ್ಲಿ, ಹೋಟೆಲಿನಲ್ಲಿ

ಗೋಬಿ ಮಂಚೂರಿ ಕಥೆ ನೆನಪಿದೆಯಲ್ವಾ? ರಾಜ್ಯದ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ 2024ರ ಮಾರ್ಚ್ 11ರಂದು ಅದರಲ್ಲಿ ಬಣ್ಣ ಬಳಸುವುದನ್ನು ನಿಷೇಧಿಸಿದರು. ಪರೀಕ್ಷೆ ಮಾಡಿದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಹಾಕಬಾರದ ಬಣ್ಣ ಸಿಕ್ಕಿತ್ತು. ಬಾಂಬೆ ಮಿಠಾಯಿಯ 25ರಲ್ಲಿ 15. ಅದೇ ಜೂನ್‌ನಲ್ಲಿ ಕಬಾಬಿನ ಸರದಿ ಬಂತು.

ಬಹಳ ಜನ ತಪ್ಪು ತಿಳಿದಿರುವುದು ಇಲ್ಲೇ. ನಿಷೇಧ ಆಗಿದ್ದು ಗೋಬಿಗಲ್ಲ, ಬಣ್ಣಕ್ಕೆ. ಆ ಬಣ್ಣಗಳಲ್ಲೂ ಎರಡು ಬಗೆ. ರೋಡಮಿನ್-ಬಿ ಯಾವ ತಿಂಡಿಗೂ, ಎಷ್ಟು ಸ್ವಲ್ಪವೂ ಹಾಕುವಂತಿಲ್ಲ. ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೊ, ಕಾರ್ಮೊಯ್‌ಸಿನ್ ಹಾಗಲ್ಲ. ಒಟ್ಟು ಎಂಟು ಕೃತಕ ಬಣ್ಣಗಳಿಗೆ ಕಾನೂನಿನ ಅನುಮತಿ ಇದೆ, ಇವು ಅದರಲ್ಲಿ ಸೇರಿವೆ. ಆದರೆ ಕೆಲವೇ ತಿಂಡಿಗಳಿಗೆ, ಕಟ್ಟುನಿಟ್ಟಾದ ಮಿತಿಯಲ್ಲಿ ಮಾತ್ರ. ಮಿಠಾಯಿಯಲ್ಲಿ ಸರಿಯಾದದ್ದು ಗೋಬಿಯಲ್ಲಿ ತಪ್ಪು. "ಇದು ಫುಡ್ ಕಲರ್ ಸಾರ್, ಡಬ್ಬದ ಮೇಲೇ ಬರೆದಿದೆ" ಎಂದು ಗಾಡಿಯವರು ಹೇಳಿದರೆ ಅವರು ಸುಳ್ಳು ಹೇಳುತ್ತಿಲ್ಲದೇ ಇರಬಹುದು. ಆದರೂ ಗೋಬಿಗೆ ಅದನ್ನು ಹಾಕುವಂತಿಲ್ಲ.

ಕಣ್ಣಳತೆಗೆ ಒಂದು ಉಪಾಯ. ಬ್ಯಾಡಗಿ ಮೆಣಸಿನಕಾಯಿ ರುಬ್ಬಿ ಹಾಕಿದ ಕಬಾಬ್ ಕಡುಕೆಂಪಾಗಿರುತ್ತದೆ. ಕರಿದಾಗ ಅಂಚು ಕಂದುಬಣ್ಣಕ್ಕೆ ತಿರುಗುತ್ತದೆ. ಬಣ್ಣ ಹಾಕಿದ ಕಬಾಬ್ ಕರಿದ ಮೇಲೂ ಗಾಜಿನ ಬಳೆಯ ಹಾಗೆ ಒಂದೇ ಸಮ ಕೆಂಪಗೆ ಹೊಳೆಯುತ್ತದೆ. ತಿಂದು ಕೈ ತೊಳೆದರೂ ಬೆರಳ ಸಂದಿಯಲ್ಲಿ ಕೆಂಪು ಉಳಿಯುತ್ತದೆ.

ಎಣ್ಣೆ ನೋಡಿ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಪೋಲಾರ್ ಸಂಯುಕ್ತ ಎಂಬ ಕೆಟ್ಟ ಅಂಶ ಕೂಡುತ್ತಾ ಹೋಗುತ್ತದೆ. ಅದು ಶೇ 25 ದಾಟಿದರೆ ಆ ಎಣ್ಣೆ ಬಳಸುವಂತಿಲ್ಲ. 2018ರ ಜುಲೈ 1ರಿಂದ ಇದು ನಿಯಮ. ನಮ್ಮ ಬಳಿ ಅಳೆಯುವ ಮೀಟರ್ ಇಲ್ಲ, ಕಣ್ಣು ಮೂಗು ಇದೆ. ಬಾಣಲೆಯಲ್ಲಿ ಕಪ್ಪಗಿನ ಎಣ್ಣೆ, ಮೇಲೆ ಕರಗದ ನೊರೆ, ಸಣ್ಣ ಉರಿಗೇ ಹೊಗೆ, ಕಮಟು ವಾಸನೆ. ಇಷ್ಟು ಕಂಡರೆ ಮೆಣಸಿನಕಾಯಿ ಬಜ್ಜಿ ಎಷ್ಟೇ ಕರೆದರೂ ಮುಂದಿನ ಗಾಡಿಗೆ ಹೋಗಿ. ಅಲ್ಲಿ ಬಜ್ಜಿಯನ್ನು ನ್ಯೂಸ್‌ಪೇಪರಿನಲ್ಲಿ ಕೊಟ್ಟರೆ ಬೇಡ ಅನ್ನಿ. ಮುದ್ರಣದ ಶಾಯಿ ಬಿಸಿ ಎಣ್ಣೆಗೆ ಇಳಿಯುತ್ತದೆ. ಪೇಪರಿನಲ್ಲಿ ತಿಂಡಿ ಕಟ್ಟುವುದಕ್ಕೂ ನಿಷೇಧ ಇದೆ. ಬಾಳೆಲೆ, ಮುತ್ತುಗದ ಎಲೆ ಇರುವ ಊರಿನಲ್ಲಿ ಪೇಪರ್ ಯಾಕೆ ಬೇಕಪ್ಪಾ?

ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಕಿ ಬೇಯಿಸುವುದನ್ನು 2025ರ ಫೆಬ್ರವರಿಯಲ್ಲಿ ರಾಜ್ಯದಲ್ಲಿ ಪರೀಕ್ಷಿಸಿದರು. 251 ಕಡೆ ನೋಡಿದಾಗ 52 ಕಡೆ ಪ್ಲಾಸ್ಟಿಕ್ ಸಿಕ್ಕಿತು. ಅಡುಗೆಮನೆಗೆ ಇಣುಕಿ ನೋಡಿ, ನಾಚಿಕೆ ಬೇಡ.

ಮಾವಿನ ಕಾಲದಲ್ಲಿ ಇನ್ನೊಂದು ವಿಷಯ. ಕ್ಯಾಲ್ಸಿಯಂ ಕಾರ್ಬೈಡ್ ಇಟ್ಟು ಹಣ್ಣು ಮಾಡುವುದು ನಿಷೇಧ, ಅದರಲ್ಲಿ ಆರ್ಸೆನಿಕ್ ಅಂಶ ಇರುತ್ತದೆ. ಎಥಿಲೀನ್ ಅನಿಲಕ್ಕೆ ಮಿತಿಯೊಳಗೆ ಅನುಮತಿ ಇದೆ. ಹಣ್ಣಿನ ಬುಟ್ಟಿಯಲ್ಲಿ ಸಣ್ಣ ಪೊಟ್ಟಣ ಕಂಡರೆ ಏನದು ಎಂದು ಕೇಳಿ.

5. ಕೆಟ್ಟದ್ದು ಕಂಡಿತು. ಈಗ?

ಯಾರಿಗಾದರೂ ವಾಂತಿ, ಭೇದಿ, ಹೊಟ್ಟೆನೋವು ಶುರುವಾಗಿದ್ದರೆ ಮೊದಲು ಆಸ್ಪತ್ರೆ. ದೂರು ನಾಳೆ. ಓಆರ್‌ಎಸ್ ಕುಡಿಸಿ, ಡಾಕ್ಟರಿಗೆ ಏನು ತಿಂದಿರಿ, ಎಷ್ಟು ಗಂಟೆಗೆ ತಿಂದಿರಿ, ಯಾರ್ಯಾರು ತಿಂದಿರಿ ಎಂದು ಹೇಳಿ. ಅದು ಚೀಟಿಯಲ್ಲಿ ಬರುವ ಹಾಗೆ ನೋಡಿಕೊಳ್ಳಿ. ಮುಂದೆ ಪರಿಹಾರ ಕೇಳುವಾಗ ಆ ಚೀಟಿಗೆ ಬಹಳ ಬೆಲೆ.

ಆಮೇಲೆ ಸಾಕ್ಷಿ. ಉಳಿದ ತಿಂಡಿಯನ್ನು ಅದರ ಕವರ್ ಸಮೇತ ಒಂದು ಶುಚಿಯಾದ ಡಬ್ಬದಲ್ಲಿ ಹಾಕಿ ಮುಚ್ಚಿ, ದಿನಾಂಕ ಬರೆದು ಫ್ರಿಜ್ಜಿನಲ್ಲಿಡಿ. ಕವರಿನ ಎಲ್ಲ ಕಡೆಯ ಫೋಟೊ ತೆಗೆಯಿರಿ. ಬ್ಯಾಚ್ ನಂಬರ್, ದಿನಾಂಕ, 14 ಅಂಕಿ ಸ್ಪಷ್ಟವಾಗಿ ಬರಲಿ.

ಈಗ ನನಗೆ ತಡವಾಗಿ ತಿಳಿದ ವಿಷಯ. ಒಡೆದ ಪಾಕೆಟ್ ಅರ್ಧ ಸಾಕ್ಷಿ ಮಾತ್ರ. "ನೀವು ಒಡೆದು ಹೊರಗೆ ಇಟ್ಟಿದ್ದಿರಿ, ಅದಕ್ಕೇ ಕೆಟ್ಟಿತು" ಎಂದು ಕಂಪನಿ ಸುಲಭವಾಗಿ ಹೇಳುತ್ತದೆ. ಅದೇ ಅಂಗಡಿಯಲ್ಲಿ ಅದೇ ಬ್ಯಾಚಿನ ಒಡೆಯದ ಪಾಕೆಟ್ ಇದ್ದರೆ ಅದೇ ಗಟ್ಟಿ. ಅಧಿಕಾರಿಗಳು ಕಾನೂನು ಪ್ರಕಾರ ಮಾದರಿ ತೆಗೆಯುವುದೂ ಅಂಗಡಿಯಿಂದಲೇ. ಹಾಗಾಗಿ ತಡ ಮಾಡಬೇಡಿ. ಅಂಗಡಿಯಲ್ಲಿ ಆ ಬ್ಯಾಚ್ ಖಾಲಿಯಾಗುವ ಮೊದಲು ದೂರು ಹೋಗಬೇಕು.

ಅಂಗಡಿಯವರನ್ನು ಕಳ್ಳರ ಹಾಗೆ ನೋಡಬೇಡಿ. ಪಾಪ, ಎಷ್ಟೋ ಸಲ ಅವರಿಗೂ ಗೊತ್ತಿರುವುದಿಲ್ಲ. "ಅಣ್ಣಾ, ಈ ಬ್ಯಾಚಲ್ಲಿ ತೊಂದರೆ ಇದೆ ನೋಡಿ" ಅಂದರೆ ಅವರೇ ಕಂಪನಿಯವರಿಗೆ ಫೋನ್ ಹಚ್ಚುತ್ತಾರೆ. ಫೇಸ್‌ಬುಕ್ಕಿಗೆ ಹೆಸರು ಸಮೇತ ಹಾಕುವ ಆಸೆ ಆಗುತ್ತದೆ. ಪರೀಕ್ಷೆಯ ವರದಿ ಕೈಗೆ ಬರುವ ಮೊದಲು ಅದು ಬೇಡ. ಮಾನನಷ್ಟದ ನೋಟಿಸು ಬಂದರೆ ಓಡಾಡಬೇಕಾದವರು ನೀವು.

6. ದೂರು ಬರೆಯುವುದು

ಪ್ರತಿ ಜಿಲ್ಲೆಯಲ್ಲಿ ಆಹಾರ ಸುರಕ್ಷತೆಯ ಅಂಕಿತಾಧಿಕಾರಿ ಇರುತ್ತಾರೆ. ಅವರ ಕೈಕೆಳಗೆ ಆಹಾರ ಸುರಕ್ಷತಾಧಿಕಾರಿಗಳು. ಅಂಗಡಿಗೆ ಹೋಗಿ ಮಾದರಿ ತೆಗೆಯುವವರು ಇವರು. ಬರವಣಿಗೆಯಲ್ಲಿ ದೂರು ಕೊಟ್ಟು, ಸ್ವೀಕೃತಿ ಸಹಿ ಪಡೆಯಿರಿ. ಓಡಾಡಲು ಆಗದಿದ್ದರೆ ಪ್ರಾಧಿಕಾರದ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್ ಇದೆ, ಫೋಟೊ ಸಮೇತ ಹಾಕಬಹುದು. ಉಚಿತ ಫೋನ್ 1800 11 2100. ದುಡ್ಡು ವಾಪಸ್, ಬದಲಿ ಪಾಕೆಟ್‌ನಂಥ ಗ್ರಾಹಕರ ತಕರಾರಿಗೆ 1915.

ದೂರಿನಲ್ಲಿ ಸಿಟ್ಟು ಬೇಡ, ವಿವರ ಇರಲಿ. ಹೀಗೆ ಬರೆಯಿರಿ:

"ದಿನಾಂಕ ____ರಂದು ಸಂಜೆ 6 ಗಂಟೆಗೆ ____ ರಸ್ತೆಯ ____ ಅಂಗಡಿಯಲ್ಲಿ 200 ಗ್ರಾಂ ರಸ್ಕ್ ಪಾಕೆಟ್ ಕೊಂಡೆ. ಬ್ಯಾಚ್ ನಂಬರ್ ____, ತಯಾರಾದ ದಿನ ____, ಲೈಸೆನ್ಸ್ ನಂಬರ್ ____. ಅದೇ ದಿನ 7 ಗಂಟೆಗೆ ಒಡೆದಾಗ ಒಳಗೆ ಬೂಷ್ಟು ಕಂಡಿತು. ಅದೇ ಬ್ಯಾಚಿನ ಪಾಕೆಟ್‌ಗಳು ಈಗಲೂ ಅಂಗಡಿಯಲ್ಲಿವೆ. ಬಿಲ್ ಮತ್ತು ಫೋಟೊ ಲಗತ್ತಿಸಿದ್ದೇನೆ. ಒಡೆದ ಪಾಕೆಟ್ ನನ್ನ ಬಳಿ ಇದೆ. ದಯವಿಟ್ಟು ಮಾದರಿ ತೆಗೆದು ಪರೀಕ್ಷಿಸಿ, ಕೈಗೊಂಡ ಕ್ರಮವನ್ನು ನನಗೆ ತಿಳಿಸಬೇಕೆಂದು ಕೋರುತ್ತೇನೆ."

ಇಷ್ಟೇ. ಅಧಿಕಾರಿಗೆ ಹೆಚ್ಚು ಉಪಯೋಗಕ್ಕೆ ಬರುವುದು "ಈಗಲೂ ಅಂಗಡಿಯಲ್ಲಿವೆ" ಎಂಬ ಸಾಲು. ನೋಡಿ ಬಂದು ಬರೆಯಿರಿ, ಊಹೆಯಿಂದ ಬೇಡ.

7. ನೀವೇ ಪರೀಕ್ಷೆಗೆ ಕೊಡಬಹುದು

ಈ ಹಕ್ಕಿನ ಬಗ್ಗೆ ನಾನು ಕೇಳಿದವರಲ್ಲಿ ಹತ್ತಕ್ಕೆ ಒಂಬತ್ತು ಜನಕ್ಕೆ ಗೊತ್ತಿರಲಿಲ್ಲ. ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಯಾರು ಬೇಕಾದರೂ ತಾವು ಕೊಂಡ ಆಹಾರವನ್ನು ಶುಲ್ಕ ಕಟ್ಟಿ ಸರ್ಕಾರಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ವರದಿ 14 ದಿನದಲ್ಲಿ ಕೊಡಬೇಕು. ಗುಣಮಟ್ಟ ಇಲ್ಲವೆಂದು ಬಂದರೆ ಕಟ್ಟಿದ ಶುಲ್ಕ ವಾಪಸ್. ವರದಿಯ ಪ್ರತಿ ಅಂಕಿತಾಧಿಕಾರಿಗೂ ಹೋಗುತ್ತದೆ.

ಒಂದೇ ಒಂದು ಷರತ್ತಿದೆ, ಎಲ್ಲರೂ ಎಡವುವುದು ಅಲ್ಲೇ. ಇದನ್ನು ಪರೀಕ್ಷೆಗೆ ಕೊಡುತ್ತೇನೆ ಎಂದು ಕೊಳ್ಳುವಾಗಲೇ ಮಾರುವವರಿಗೆ ಹೇಳಿರಬೇಕು. ಹಾಗಾಗಿ ಮನೆಯಲ್ಲಿರುವ ಒಡೆದ ಪಾಕೆಟ್ ಹಿಡಿದು ಹೋದರೆ ಆಗುವುದಿಲ್ಲ. ಅನುಮಾನ ಬಂದ ಮೇಲೆ ಅದೇ ಅಂಗಡಿಗೆ ಹೋಗಿ, ಹೇಳಿ, ಹೊಸ ಪಾಕೆಟ್ ಕೊಂಡು, ಬಿಲ್ ಪಡೆದು, ಒಡೆಯದೆ ಪ್ರಯೋಗಾಲಯಕ್ಕೆ ಕೊಡಿ. ಹೇಳಿದ್ದಕ್ಕೆ ಒಬ್ಬರು ಸಾಕ್ಷಿ ಇದ್ದರೆ ಒಳ್ಳೇದು. ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿಯಲ್ಲಿ ಸರ್ಕಾರಿ ಪ್ರಯೋಗಾಲಯಗಳಿವೆ. ಶುಲ್ಕ ಎಷ್ಟು, ಎಷ್ಟು ತೂಕ ಬೇಕು ಎಂದು ಮೊದಲೇ ಫೋನಿನಲ್ಲಿ ಕೇಳಿಕೊಳ್ಳಿ.

8. ಆಮೇಲೆ ಏನಾಗುತ್ತದೆ

ಅಧಿಕಾರಿ ತೆಗೆದ ಮಾದರಿಯನ್ನು ನಾಲ್ಕು ಭಾಗ ಮಾಡಿ ಸೀಲ್ ಹಾಕುತ್ತಾರೆ. ಒಂದು ಭಾಗ ವಿಶ್ಲೇಷಕರಿಗೆ, ಎರಡು ಅಂಕಿತಾಧಿಕಾರಿಯ ಬಳಿ. ನಾಲ್ಕನೆಯದು, ವ್ಯಾಪಾರಿ ಕೇಳಿದರೆ, ಮಾನ್ಯತೆ ಇರುವ ಬೇರೆ ಪ್ರಯೋಗಾಲಯಕ್ಕೆ. ವರದಿ ಒಪ್ಪದಿದ್ದರೆ ಮೇಲ್ಮನವಿ ಹಾಕಬಹುದು. ಆಗ ಮಾದರಿ ರೆಫರಲ್ ಪ್ರಯೋಗಾಲಯಕ್ಕೆ ಹೋಗುತ್ತದೆ. ಮೈಸೂರಿನ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂಥ ಒಂದು. 1950ರಲ್ಲಿ ಅರಮನೆಯಂಥ ಚೆಲುವಾಂಬ ಮಹಲಿನಲ್ಲಿ ಶುರುವಾದ ಸಂಸ್ಥೆ ಅದು. ದೇಶದ ನಾನಾ ಮೂಲೆಗಳಿಂದ ಸೀಲ್ ಹಾಕಿದ ಡಬ್ಬಗಳು ಅಲ್ಲಿಗೆ ಬರುತ್ತವೆ.

ವರದಿಯಲ್ಲಿ ಮೂರು ಪದ ಬರಬಹುದು. ಅದರ ಮೇಲೆ ಎಲ್ಲವೂ ನಿಂತಿದೆ. ಸಬ್‌ಸ್ಟ್ಯಾಂಡರ್ಡ್ ಅಂದರೆ ನಿಗದಿತ ಮಟ್ಟ ಇಲ್ಲ, ಆದರೆ ಅಪಾಯವೂ ಇಲ್ಲ. ಹಾಲಿನಲ್ಲಿ ಕೊಬ್ಬು ಕಡಿಮೆ ಇದ್ದ ಹಾಗೆ. ದಂಡ 5 ಲಕ್ಷ ರೂಪಾಯಿವರೆಗೆ. ಮಿಸ್‌ಬ್ರ್ಯಾಂಡೆಡ್ ಅಂದರೆ ಲೇಬಲ್ ಸುಳ್ಳು ಅಥವಾ ಅರೆಬರೆ. 3 ಲಕ್ಷದವರೆಗೆ. ಈ ಎರಡೂ ಅಪರ ಜಿಲ್ಲಾಧಿಕಾರಿಯ ಮುಂದೆ ಬರುತ್ತವೆ. ಅನ್‌ಸೇಫ್, ಅಂದರೆ ತಿಂದರೆ ಅಪಾಯ, ಎಂದು ಬಂದರೆ ಮಾತ್ರ ಕೋರ್ಟು, ಜೈಲು. ಅದನ್ನು ತಿಂದು ಜೀವ ಹೋದರೆ ಕನಿಷ್ಠ 7 ವರ್ಷ, ಜೀವಾವಧಿಯವರೆಗೂ ಶಿಕ್ಷೆ ಇದೆ.

ತಿಂದು ತೊಂದರೆಯಾದವರಿಗೆ 65ನೇ ಸೆಕ್ಷನ್ನಿನಲ್ಲಿ ಪರಿಹಾರ ಇದೆ. ಸಾವಾದರೆ ಕನಿಷ್ಠ 5 ಲಕ್ಷ, ತೀವ್ರ ಹಾನಿಗೆ 3 ಲಕ್ಷದವರೆಗೆ, ಉಳಿದದ್ದಕ್ಕೆ 1 ಲಕ್ಷದವರೆಗೆ. ಇದಲ್ಲದೆ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಕೊಂಡ ವಸ್ತುವಿನ ಬೆಲೆ 5 ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕವೇ ಇಲ್ಲ. ವಕೀಲರೂ ಬೇಕೇಬೇಕು ಅಂತಿಲ್ಲ. ಎರಡು ವರ್ಷದೊಳಗೆ ಹೋಗಬೇಕು.

ಇದೆಲ್ಲ ವಾರದಲ್ಲಿ ಮುಗಿಯುತ್ತದೆ ಅಂದುಕೊಳ್ಳಬೇಡಿ. ತಿಂಗಳುಗಳು ಹಿಡಿಯುತ್ತವೆ. ದೂರಿನ ನಂಬರ್ ಬರೆದಿಟ್ಟುಕೊಂಡು ಹದಿನೈದು ದಿನಕ್ಕೊಮ್ಮೆ ವಿಚಾರಿಸುತ್ತಿರಿ. ಉತ್ತರವೇ ಬರದಿದ್ದರೆ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ. ಫೈಲು ಅಲುಗಾಡುತ್ತದೆ.

ಆನ್‌ಲೈನಿನಲ್ಲಿ ದಿನಸಿ ತರಿಸುವವರಿಗೆ ಒಂದು ಸೇರ್ಪಡೆ. ನಿಮ್ಮ ಕೈಗೆ ಬರುವ ಹೊತ್ತಿಗೆ ಬಾಳಿಕೆಯ ಅವಧಿಯಲ್ಲಿ ಶೇ 30ರಷ್ಟು ಅಥವಾ 45 ದಿನವಾದರೂ ಉಳಿದಿರಬೇಕೆಂದು ಪ್ರಾಧಿಕಾರ ಹೇಳಿದೆ. ಡೆಲಿವರಿ ಹುಡುಗ ಹೋಗುವ ಮೊದಲೇ ದಿನಾಂಕ ನೋಡಿಬಿಡಿ.

ರಸ್ಕ್ ಪ್ರಸಂಗ ಆದ ಮೇಲೆ ನಮ್ಮ ಫ್ರಿಜ್ಜಿನ ತಲೆಯ ಮೇಲೆ ಒಂದು ಹಳೇ ಬಿಸ್ಕತ್ತಿನ ಡಬ್ಬ ಕೂತಿದೆ. ಡಬ್ಬಕ್ಕೆ ಸುರಿದ ಬೇಳೆ, ಪುಡಿ, ರವೆಯ ಕವರುಗಳೆಲ್ಲ ಸಾಮಾನು ಮುಗಿಯುವವರೆಗೆ ಅದರಲ್ಲಿ. ಅತ್ತೆ ಅದಕ್ಕೆ ಗುಜರಿ ಅಂಗಡಿ ಅಂತ ಹೆಸರಿಟ್ಟಿದ್ದಾರೆ. ಹೋದ ತಿಂಗಳು ಸಾರಿನ ಪುಡಿಯಲ್ಲಿ ಹುಳ ಕಂಡಾಗ ಅವರೇ ಡಬ್ಬಕ್ಕೆ ಕೈ ಹಾಕಿ ಕವರ್ ಹುಡುಕಿ ತಂದರು. ನಾನು ದೂರಿಗೆಂದು ಪೆನ್ನು ತೆಗೆದೆ. ಅತ್ತೆ ಕನ್ನಡಕ ಏರಿಸಿ ದಿನಾಂಕ ಓದಿದರು. ಅವಧಿ ಮುಗಿದು ಐದು ತಿಂಗಳಾಗಿತ್ತು. ಪುಡಿ ಅಷ್ಟು ದಿನ ನಮ್ಮ ಕಪಾಟಿನಲ್ಲೇ ಇತ್ತು.